ಹುಳು ಏಳುವವರೆಗೆ

ವಾರಕ್ಕೆ ನಾಲ್ಕು ಊರು, ನಾಲ್ಕು ಹೈಸ್ಕೂಲು. ಸೋಮವಾರ ಗೌರಿಬಿದನೂರು, ಮಂಗಳವಾರ ಚಿಂತಾಮಣಿ, ಬುಧವಾರ ಚಿಕ್ಕಬಳ್ಳಾಪುರ, ಗುರುವಾರ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಕಡೆಯ ಒಂದು ಶಾಲೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಆಟ ತಯಾರಿಸುವುದನ್ನು ಕಲಿಸುವುದು ನನ್ನ ಕೆಲಸ. ಆಟದ ನೆಪದಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಾರೆ ಎಂದು ನಾಲ್ಕು ಊರಿನ ಹೆಡ್‌ಮಾಸ್ಟರುಗಳಿಗೂ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಆದರೂ ಎಲ್ಲ ಕಡೆ "ಗೇಮ್ ಮಿಸ್ ಬಂದ್ರು" ಎಂದೇ ಅನ್ನುತ್ತಾರೆ. ನನ್ನ ಹೆಸರು ಕೇಳಿದವರು ಕಡಿಮೆ. ಹಾಜರಿ ಪುಸ್ತಕದಲ್ಲೂ ಅದು ಇಲ್ಲ, ಏಕೆಂದರೆ ನನ್ನನ್ನು ಕಳಿಸುವುದು ಒಂದು ಟ್ರಸ್ಟು.

ಹೆಸರಿಲ್ಲದಿದ್ದರೆ ಹೋಗಲಿ, ಕುರ್ಚಿಯೂ ಇಲ್ಲ. ಸ್ಟಾಫ್ ರೂಮಿನಲ್ಲಿ ಯಾರ ಕುರ್ಚಿ ಯಾವುದೆಂದು ಎಲ್ಲೂ ಬರೆದಿರುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಗೌರಿಬಿದನೂರಿನಲ್ಲಿ ಒಮ್ಮೆ ಕಿಟಕಿ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು ಡಬ್ಬಿ ತೆರೆದೆ. ಹಿಂದಿ ಮೇಷ್ಟ್ರು ಬಂದು ಎದುರಿಗೆ ನಿಂತರು. ಅವರು ಹತ್ತು ವರ್ಷದಿಂದ ಕೂರುವ ಜಾಗವಂತೆ. "ಕೂತ್ಕೊಳ್ಳಿ, ಕೂತ್ಕೊಳ್ಳಿ, ನಾನು ನಿಂತ್ಕೊಂಡೇ ತಿಂತೀನಿ" ಎಂದರು. ಆಮೇಲೆ ಯಾರ ಗಂಟಲಲ್ಲಿ ಚಿತ್ರಾನ್ನ ಇಳಿಯುತ್ತದೆ? ಅಂದಿನಿಂದ ಎಲ್ಲ ಊರಿನಲ್ಲೂ ಲ್ಯಾಬಿನಲ್ಲೇ, ಕೆಟ್ಟ ಮಾನಿಟರುಗಳ ನಡುವೆ ನನ್ನ ಊಟ.

ಚಿಂತಾಮಣಿಯಲ್ಲಿ ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಒಬ್ಬಳೇ ಇರುತ್ತೇನೆ. ಮದುವೆಯೊಂದು ಆಗಬೇಕಿತ್ತು, ಆಗಲಿಲ್ಲ. ಅದು ಬೇರೆ ಕಥೆ, ಹೇಳುವಷ್ಟು ಸ್ವಾರಸ್ಯದ್ದೂ ಅಲ್ಲ. ಅಮ್ಮ ಜೊತೆಗಿದ್ದಳು, ಅವಳು ಹೋಗಿ ಮೂರು ವರ್ಷವಾಯಿತು. ನನಗೆ ಬಾಯಿ ಜಾಸ್ತಿ, ತಾಳ್ಮೆ ಕಮ್ಮಿ. ಬೇಯುವ ಅನ್ನದ ಮುಚ್ಚಳವನ್ನು ಹತ್ತು ಸಲ ತೆಗೆದು ನೋಡುವವಳು. "ಒಂದು ನಿಮಿಷ ಕೈ ಸುಮ್ನೆ ಇಟ್ಕೊಳಕ್ಕೆ ಬರಲ್ವೇನೇ ನಿಂಗೆ?" ಎಂದು ಅಮ್ಮ ಬೈಯುತ್ತಿದ್ದಳು. ಈಗ ಬೈಯುವವರೂ ಇಲ್ಲ. ಶುಕ್ರವಾರದಿಂದ ಭಾನುವಾರದವರೆಗೆ ಮಾತಿಲ್ಲದೆ ಕಳೆದು, ಸೋಮವಾರ ಬೆಳಿಗ್ಗೆ ಕಂಡಕ್ಟರಿಗೆ ಊರಿನ ಹೆಸರು ಹೇಳುವಾಗ ನನ್ನ ದನಿ ನನಗೇ ಗುರುತು ಸಿಗದಷ್ಟು ಒರಟಾಗಿರುತ್ತದೆ. ಒಂದೆರಡು ಸಲ ಕೆಮ್ಮಿ ಮತ್ತೆ ಹೇಳುತ್ತೇನೆ.

ಮಕ್ಕಳ ಜೊತೆಗಿನ ಕೆಲಸ ಮಾತ್ರ ನನಗೆ ಇಷ್ಟ. ಪರದೆಯ ಮೇಲೆ ಬಣ್ಣಬಣ್ಣದ ಬ್ಲಾಕುಗಳಿರುತ್ತವೆ. ಒಂದೊಂದು ಬ್ಲಾಕು ಒಂದೊಂದು ಆಜ್ಞೆ: ಮುಂದೆ ಹೋಗು, ತಿರುಗು, ಇಷ್ಟು ಸೆಕೆಂಡು ಕಾಯಿ, ಗೋಡೆಗೆ ತಾಗಿದರೆ ಹಿಂದೆ ಬಾ. ಅವನ್ನು ಎಳೆದು ಒಂದರ ಕೆಳಗೊಂದು ಜೋಡಿಸಿದರೆ ಆಟ ನಡೆಯುತ್ತದೆ. ಮೊದಮೊದಲು ಎಲ್ಲರಿಗೂ ಬಂದೂಕೇ ಬೇಕು. "ನೀನು ಯಾವತ್ತಾದ್ರೂ ಬಂದೂಕು ಹಿಡ್ದಿದೀಯೇನಪ್ಪಾ? ಗೊತ್ತಿರೋದನ್ನ ಮಾಡು" ಎಂದು ಗದರುತ್ತೇನೆ. ಹಾಗೆ ಗದರಿಸಿಕೊಂಡ ಗೌರಿಬಿದನೂರಿನ ಒಬ್ಬ ವಿದುರಾಶ್ವತ್ಥದ ನಾಗರಕಲ್ಲುಗಳ ನಡುವೆ ದಾರಿ ಹುಡುಕುವ ಆಟ ಮಾಡಿದ. ಚಿಂತಾಮಣಿಯ ಇಬ್ಬರು ಹುಡುಗಿಯರು ಮುರುಗಮಲ್ಲದ ಬಸ್ಸಿಗೆ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ಆಟ ಮಾಡಿದರು. ಅದನ್ನು ಆಡುವಾಗ ನನಗೆ ನಿಜವಾಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತಷ್ಟೇ ಸಿಟ್ಟು ಬಂತು, ಅಷ್ಟು ಚೆನ್ನಾಗಿತ್ತು.

ಗುರುವಾರದ ಶಾಲೆಯಲ್ಲಿ ಒಬ್ಬಳಿದ್ದಳು. ರೇಷ್ಮೆ ಹುಳು ಸಾಕುವ ಮನೆಯ ಹುಡುಗಿ. ಅಪ್ಪ ತೋಟ ನೋಡಿಕೊಂಡರೆ ಹುಳುಮನೆ ಇಡೀ ಅಮ್ಮನ ಮೇಲೆ. ಹುಡುಗಿಗೆ ಮಾತು ಬಹಳ ಕಡಿಮೆ. ಮೊದಮೊದಲು ಅವಳಿಗೆ ಮಾತೇ ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಆದರೆ ಮೂರನೇ ವಾರವೋ ನಾಲ್ಕನೇ ವಾರವೋ ನಾನು ಲ್ಯಾಬಿಗೆ ಹೋದಾಗ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದನ್ನು ಇಳಿಸಿ, ದೂಳು ಒರೆಸಿ, ಅವಳ ಕಂಪ್ಯೂಟರಿನ ಪಕ್ಕ ಇಟ್ಟಿದ್ದಳು. "ಯಾರಿಗಮ್ಮಾ ಇದು?" ಎಂದೆ. "ನಿಮ್ಗೆ ಮಿಸ್" ಎಂದಳು. ಮುಂದಿನ ವಾರವೂ ಇತ್ತು. ಅದರ ಮುಂದಿನ ವಾರವೂ. ಬುಧವಾರ ಸಂಜೆಯಿಂದಲೇ ನಾನು ಆ ಕುರ್ಚಿಯನ್ನು ನೆನೆಸಿಕೊಳ್ಳಲು ಶುರುಮಾಡಿದ್ದೆ. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ನಿಜ: ಇಡೀ ಜಿಲ್ಲೆಯಲ್ಲಿ ನನಗಾಗಿ ಒರೆಸಿಟ್ಟ ಕುರ್ಚಿ ಅದೊಂದೇ.

ಶಾಲೆ ಬಿಟ್ಟ ಮೇಲೆ ಬಸ್ಸು ಬರುವವರೆಗೆ ಅವಳು ನನ್ನ ಜೊತೆ ನಿಲ್ದಾಣದ ಕಲ್ಲಿನ ಮೇಲೆ ಕೂರುತ್ತಿದ್ದಳು. ಮಾತೆಲ್ಲ ನನ್ನದೇ. ಹಿಂದಿ ಮೇಷ್ಟ್ರ ಕಥೆ ಹೇಳಿದಾಗ ಒಮ್ಮೆ ಜೋರಾಗಿ ನಕ್ಕಿದ್ದಳು.

ಅವಳ ಆಟ ರೇಷ್ಮೆ ಹುಳುವಿನದು. ಮೇಲಿನಿಂದ ಹಿಪ್ಪುನೇರಳೆ ಎಲೆ ಬೀಳುತ್ತದೆ, ಬಾಣದ ಕೀಲಿ ಒತ್ತಿ ಹುಳುವನ್ನು ಎಲೆಯತ್ತ ನಡೆಸಬೇಕು, ತಿಂದಂತೆಲ್ಲ ಅದು ಬೆಳೆಯುತ್ತದೆ, ಕೊನೆಗೆ ಗೂಡು ಕಟ್ಟುತ್ತದೆ. ಹುಳುವಿನ ಚಿತ್ರವನ್ನು ಅವಳೇ ಬರೆದಿದ್ದಳು. ಒಂದಲ್ಲ, ಹದಿನಾಲ್ಕು ಚಿತ್ರ. ಚಿಕ್ಕದು, ದೊಡ್ಡದು, ಮೈ ಬಿಗಿದು ತಲೆ ಎತ್ತಿ ಕೂತದ್ದು, ಬಣ್ಣ ತಿರುಗಿದ್ದು. ಚಿಕ್ಕಬಳ್ಳಾಪುರದಲ್ಲಿ ನಡೆಯುವ ವಿಜ್ಞಾನ ಪ್ರದರ್ಶನಕ್ಕೆ ನನ್ನ ನಾಲ್ಕು ಶಾಲೆಗಳಿಂದ ಒಂದು ಆಟ ಕಳಿಸಬಹುದಿತ್ತು. ನಾನು ಅವಳದನ್ನು ಆರಿಸಿದೆ.

"ಅಮ್ಮನ್ನ ಕರ್ಕೊಂಡ್ ಬರ್ಲಾ ಮಿಸ್?" ಎಂದು ಕೇಳಿದಳು. ಅವಳಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು. ಅಮ್ಮ ಒಂದು ದಿನವೂ ಶಾಲೆಗೆ ಬಂದವಳಲ್ಲ. ಬೆಳೆ ಇದ್ದಾಗ ಹುಳುಮನೆ ಬಿಡುವ ಹಾಗಿಲ್ಲ. ಪ್ರದರ್ಶನದ ವಾರ ಒಂದು ಬೆಳೆ ಮುಗಿದು ಇನ್ನೊಂದು ಬರುವ ನಡುವೆ ಬಿದ್ದಿತ್ತು. "ಅಮ್ಮ ನೋಡ್ಬೇಕು, ಅಷ್ಟೇ" ಎಂದಳು. ಬಹುಮಾನದ ಮಾತೇ ಎತ್ತಲಿಲ್ಲ.

ಆ ಗುರುವಾರ ಆಟವನ್ನು ಪೂರ್ತಿ ಓಡಿಸಿ ನೋಡಿದೆ. ಹುಳು ಸ್ವಲ್ಪ ಬೆಳೆದು, ತಲೆ ಎತ್ತಿ, ನಿಂತುಬಿಟ್ಟಿತು. ಕೀಲಿ ಒತ್ತಿದೆ. ಹುಳು ಮಾಯವಾಗಿ ಆಟ ಮೊದಲಿನಿಂದ ಶುರುವಾಯಿತು. ಮತ್ತೆ ಆಡಿದೆ, ಅದೇ ಜಾಗದಲ್ಲಿ ನಿಂತಿತು. ಮತ್ತೆ ಕೀಲಿ ಒತ್ತಿದೆ, ಮತ್ತೆ ಮಾಯ.

"ಯಾಕಮ್ಮಾ ನಿಂತೋಗುತ್ತೆ ಇದು?"

"ನಿಲ್ಬೇಕು ಮಿಸ್. ಅವಾಗ..."

"ಆಟ ನಿಲ್ಬಾರ್ದು ಕಣಮ್ಮಾ. ಒಂದು ಸೆಕೆಂಡ್ ನಿಂತ್ರೂ ಆಡೋರು ಎದ್ದೋಗ್ತಾರೆ. ಕೊಡು, ನಾನು ಸರಿ ಮಾಡ್ಕೊಂಡ್ ಬರ್ತೀನಿ."

ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಅವಳ ಬಾಯಿ ಇನ್ನೂ ಅರ್ಧ ತೆರೆದೇ ಇತ್ತು. ನಾನು ಪೆನ್‌ಡ್ರೈವ್ ಕಿತ್ತುಕೊಂಡು ಓಡಿದೆ. ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲಿ ಏನೂ ಉಳಿಯುತ್ತಿರಲಿಲ್ಲವಾದ್ದರಿಂದ ಅವಳ ಇಡೀ ಆಟ ಇದ್ದದ್ದು ಅದೊಂದರಲ್ಲೇ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದೆ. ಕಾಯುವ ಬ್ಲಾಕುಗಳು ನಾಲ್ಕು ಕಡೆ ಇದ್ದವು. ಅವುಗಳ ಪಕ್ಕದಲ್ಲಿ, ಕಾಯುವಾಗ ಯಾವುದೇ ಕೀಲಿ ಒತ್ತಿದರೆ ಹುಳು ಸಾಯಬೇಕು ಎಂಬ ಷರತ್ತು. ಸ್ವಲ್ಪ ನಿಧಾನವಾಗಿ ಓದಿದ್ದರೆ, ತಪ್ಪಿ ಬಿದ್ದ ಬ್ಲಾಕು ನಾಲ್ಕು ಸಲ ಅದೇ ರೀತಿ ಬೀಳುವುದಿಲ್ಲ ಎಂದು ಹೊಳೆಯುತ್ತಿತ್ತು. ನಾನು ಓದಲಿಲ್ಲ. ಕಂಡದ್ದನ್ನು ಕಿತ್ತು ಹಾಕಿದೆ. ಎಲೆ ಬೀಳುವ ವೇಗ ಹೆಚ್ಚಿಸಿದೆ, ತಿಂದಾಗಲೆಲ್ಲ ಟಿಣ್ ಎನ್ನುವ ಹಾಗೆ ಮಾಡಿದೆ, ಮೂಲೆಯಲ್ಲಿ ಅಂಕ ಏರುವ ಹಾಗೆ ಮಾಡಿದೆ. ಅದೇ ಹೆಸರಿನಲ್ಲಿ, ಅದೇ ಪೆನ್‌ಡ್ರೈವಿನಲ್ಲಿ ಉಳಿಸಿದೆ. ನಾನು ಹುಟ್ಟಿ ಬೆಳೆದದ್ದು ಗೌರಿಬಿದನೂರು ಪೇಟೆಯಲ್ಲಿ. ಹಿಪ್ಪುನೇರಳೆ ತೋಟಗಳ ಪಕ್ಕ ಬಸ್ಸಿನಲ್ಲಿ ಸಾವಿರ ಸಲ ಹೋಗಿದ್ದೇನೆ, ಒಂದು ಹುಳುಮನೆಯ ಹೊಸಿಲನ್ನೂ ತುಳಿದವಳಲ್ಲ. ಆದರೂ ಆ ಮಧ್ಯಾಹ್ನ ನನಗೆ ಬಹಳ ಖುಷಿಯಾಗಿತ್ತು. ಯಾರಿಗೋ ಏನೋ ಮಾಡಿಕೊಟ್ಟೆ ಅನ್ನುವ ಖುಷಿ. ಕಾಫಿ ಎರಡು ಲೋಟ ಮಾಡಿಕೊಂಡು ಎರಡನ್ನೂ ನಾನೇ ಕುಡಿದೆ.

ಪ್ರದರ್ಶನ ಮಂಗಳವಾರ. ಚಿಂತಾಮಣಿಯ ಕ್ಲಾಸಿಗೆ ರಜೆ ಹಾಕಿ ಹೋದೆ. ಹಾಲಿನಲ್ಲಿ ಜ್ವಾಲಾಮುಖಿಗಳು, ಥರ್ಮಾಕೋಲಿನ ಗಾಳಿಯಂತ್ರಗಳು. ನಮ್ಮ ಮೇಜು ಬಾಗಿಲ ಹತ್ತಿರ. ಹುಡುಗಿಯ ಅಮ್ಮ ಮಡಿಕೆ ಬಿಚ್ಚಿದ ಹೊಸ ಸೀರೆಯುಟ್ಟು ಬಂದಿದ್ದಳು. ಗಟ್ಟಿಮುಟ್ಟಾದ, ಮಗಳಷ್ಟೇ ಮಾತು ಕಡಿಮೆಯ ಹೆಂಗಸು. ಮೇಜಿನ ಮುಂದೆ ಕೂತು, ಸೊಪ್ಪಿನ ಕರೆ ಹಿಡಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಕೀಲಿಯ ಮೇಲಿಟ್ಟಳು. ಮಗಳು ಪಕ್ಕದಲ್ಲೇ ನಿಂತಿದ್ದಳು.

ಹುಳು ತಿಂದಿತು. ಟಿಣ್. ಮತ್ತೆ ತಿಂದಿತು. ಟಿಣ್. ಅಮ್ಮನ ಮುಖ ಅರಳಿತು. ಹುಳು ದೊಡ್ಡದಾಯಿತು, ಮೈ ಬಿಗಿಯಿತು, ತಲೆ ಎತ್ತಿತು. ಆ ಚಿತ್ರವನ್ನು ನಾನು ಹಾಗೇ ಬಿಟ್ಟಿದ್ದೆ. ಅದನ್ನು ಕಂಡದ್ದೇ ಅಮ್ಮ ಕೀಲಿಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಯಾರೂ ಹೇಳಿಕೊಟ್ಟಿರಲಿಲ್ಲ. ಕೈ ತಾನಾಗಿಯೇ ಹಿಂದೆ ಬಂತು. ಮೇಲಿನಿಂದ ಎಲೆ ಬೀಳುತ್ತಲೇ ಇತ್ತು.

"ಅಯ್ಯೋ, ಸೊಪ್ಪು ಹಾಕ್‌ಬೇಡ್ರೀ! ಹುಳ ಜ್ವರಕ್ಕೆ ಕೂತದೆ!" ಎಂದು ಕೂಗಿಯೇ ಬಿಟ್ಟಳು. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು.

ಎಲೆ ಹುಳುವಿನ ಮೇಲೆ ಬಿತ್ತು. ಹುಳು ತಿಂದಿತು. ಟಿಣ್. ಹತ್ತು ಅಂಕ.

ಅಮ್ಮ ಒಂದು ಗಳಿಗೆ ನೋಡಿದಳು, ಆಮೇಲೆ ನಕ್ಕಳು. "ಇದಿ ಮನ ಪುರುಗು ಕಾದುಲೇಮ್ಮಾ" ಎಂದು ಮಗಳ ಬೆನ್ನು ತಟ್ಟಿದಳು. ನಮ್ಮ ಸೀಮೆಯಲ್ಲಿ ತೆಲುಗು ಯಾರಿಗೆ ಬರುವುದಿಲ್ಲ? ಇದು ನಮ್ಮ ಹುಳ ಅಲ್ಲ ಬಿಡಮ್ಮ, ಎಂದಳು. ಬೇಸರದಿಂದಲ್ಲ. ಮಕ್ಕಳ ಆಟದ ಸಾಮಾನನ್ನು ನೋಡಿ ಹೇಳುವ ಹಾಗೆ. ಆಮೇಲೆ ನನ್ನತ್ತ ತಿರುಗಿ ಬಹಳ ಮರ್ಯಾದೆಯಿಂದ ವಿವರಿಸಿದಳು: ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೇ ಜ್ವರ ಅನ್ನುತ್ತೇವೆ, ಒಂದು ಹಗಲು ಒಂದು ರಾತ್ರಿ ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಕೂತಿರುತ್ತದೆ, ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. "ಸುಮ್ನಿರದೇ ಅವಾಗ ಕೆಲ್ಸ" ಎಂದಳು.

ಹುಡುಗಿ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಎಲ್ಲರನ್ನೂ ನೋಡುವ ಹಾಗೆ ನೋಡಿದಳು.

ಆ ಆಟಕ್ಕೆ ಎರಡನೇ ಬಹುಮಾನ ಬಂತು. "ಸ್ಪೀಡ್ ಚೆನ್ನಾಗಿದೆ" ಎಂದರು ತೀರ್ಪುಗಾರರು. ಕಟ್ಟು ಹಾಕಿದ ಪ್ರಶಸ್ತಿ ಪತ್ರವನ್ನು ಹುಡುಗಿ ವೇದಿಕೆಯಿಂದ ಇಳಿದು ತಂದು ನನ್ನ ಕೈಗೆ ಕೊಟ್ಟಳು. "ಇದು ನಿಮ್ದು ಮಿಸ್" ಎಂದಳು. ಅಮ್ಮನ ಕೈ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನೂ ಅದೇ ಬಸ್ ಸ್ಟ್ಯಾಂಡಿಗೆ ಹೋಗಬೇಕಿತ್ತು. ಅರ್ಧ ಗಂಟೆ ಬಿಟ್ಟು ಹೋದೆ.

ಗುರುವಾರ ಲ್ಯಾಬಿಗೆ ಹೋದಾಗ ಕುರ್ಚಿಗಳೆಲ್ಲ ಮೂಲೆಯಲ್ಲಿ ಪೇರಿಸಿಯೇ ಇದ್ದವು. ಹುಡುಗಿ ಬೆಂಚಿನ ಮೇಲೆ ಅವಳ ಜಾಗದಲ್ಲಿ ಕೂತಿದ್ದಳು. ನಾನು ಪೂರ್ತಿ ಕ್ಲಾಸು ನಿಂತೇ ಮಾಡಿದೆ. ಬಿಟ್ಟ ಮೇಲೆ ಹತ್ತಿರ ಹೋಗಿ, "ತಪ್ಪಾಯ್ತಮ್ಮಾ, ನಾನು ಕೇಳ್ಬೇಕಿತ್ತು" ಎಂದೆ. "ಪರ್ವಾಗಿಲ್ಲ ಮಿಸ್" ಎಂದಳು. ಬ್ಯಾಗ್ ಹಾಕಿಕೊಂಡು ಮನೆಯ ದಾರಿ ಹಿಡಿದಳು. ನಿಲ್ದಾಣದ ಕಲ್ಲಿನ ಮೇಲೆ ನಾನೊಬ್ಬಳೇ ಕೂತೆ. ಬಸ್ಸು ಅವತ್ತು ಬೇಕೆಂದೇ ತಡವಾಗಿ ಬಂದ ಹಾಗಿತ್ತು. ಅದರ ಮುಂದಿನ ಗುರುವಾರ ಅವಳು ಕ್ಲಾಸಿಗೇ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. "ಅವರ ಮನೇಲಿ ಹುಳ ತಂದವ್ರೆ ಮಿಸ್" ಎಂದಳು ಪಕ್ಕದ ಹುಡುಗಿ. ಹುಳುವೇ ಕಾರಣವೋ, ನಾನೋ, ನನಗೆ ಗೊತ್ತಾಗಲಿಲ್ಲ. ಕ್ಲಾಸಿನಲ್ಲಿ ಎಲ್ಲರ ಮೇಲೂ ರೇಗಿದೆ.

ನಾನು ಅಳಿಸಿ ಹಾಕಿದ್ದನ್ನು ಶುಕ್ರವಾರ ಮನೆಯಲ್ಲಿ ಕೂತು ಮತ್ತೆ ಜೋಡಿಸಿದೆ. ಟಿಣ್ ತೆಗೆದೆ, ಅಂಕ ತೆಗೆದೆ, ನಾಲ್ಕು ಕಡೆ ಕಾಯುವ ಬ್ಲಾಕು ಇಟ್ಟೆ. ಆದರೆ ಅವಳು ಎಷ್ಟೆಷ್ಟು ಸೆಕೆಂಡು ಇಟ್ಟಿದ್ದಳೋ ನೆನಪಿಲ್ಲ, ನೋಡಿದ್ದರಲ್ಲವೇ ನೆನಪಿರುವುದು. ಒಂದೊಂದಕ್ಕೂ ಐದು ಸೆಕೆಂಡು ಹಾಕಿದೆ. ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಅವರ ಊರಿಗೆ ಹೋದೆ.

ಮನೆ ಹಿಂದೆ ಹುಳುಮನೆ. ಬಾಗಿಲಿನ ಮುಂದೆ, ತುಳಿದು ಒಳಗೆ ಹೋಗಲೆಂದು ಹರಡಿದ ಸುಣ್ಣದ ಪುಡಿ. ನನ್ನನ್ನು ಕಂಡು ಅಮ್ಮ ಹೊರಗೆ ಬಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

"ನಾಲ್ಕನೇ ಜ್ವರ ಮಿಸ್. ಇನ್ನೂ ಎದ್ದಿಲ್ಲ. ಹೊರಗಿನೋರು ಒಳಗೆ ಬರೋ ಹಂಗಿಲ್ಲ, ಬೇಜಾರ್ ಮಾಡ್ಕೋಬೇಡಿ. ಅವ್ಳು ಒಳಗವ್ಳೆ. ಹುಳ ಎದ್ದು ಸೊಪ್ಪು ಹಾಕೋ ತನಕ ಕಾಯ್ತೀರಾ?"

"ಎಷ್ಟೊತ್ತಾಗುತ್ತೆ?"

"ಅದು ಹುಳಕ್ಕೆ ಗೊತ್ತು. ಕೆಲವು ಎದ್ದವೆ, ಕೆಲವು ಇಲ್ಲ. ಎದ್ದೋವಕ್ಕೆ ಮೊದ್ಲೇ ಹಾಕ್ಬುಟ್ರೆ ಒಂದು ಮುಂದೆ ಒಂದು ಹಿಂದೆ ಆಗ್ತವೆ. ಆಮೇಲೆ ಗೂಡೂ ಸಮ ಬರಲ್ಲ. ಹಸ್ಕೊಂಡ್ರೂ ಪರ್ವಾಗಿಲ್ಲ, ಎಲ್ಲಾನೂ ಏಳ್ಬೇಕು."

ಹೊರಗಿನ ಚಪ್ಪಡಿ ಕಲ್ಲಿನ ಮೇಲೆ ಕೂತೆ. ಮೊದಲ ಹತ್ತು ನಿಮಿಷ ಫೋನ್ ನೋಡಿದೆ. ಆಮೇಲೆ ಬ್ಯಾಗಿನ ಜಿಪ್ ತೆಗೆದು ಹಾಕಿದೆ, ತೆಗೆದು ಹಾಕಿದೆ. ಎದ್ದು ಬಾಗಿಲ ತನಕ ಹೋಗಿ ವಾಪಸು ಬಂದೆ. ಅಮ್ಮನನ್ನು ಏನಾದರೂ ಕೇಳೋಣವೆಂದರೆ ಅವಳು ತೋಟಕ್ಕೆ ಹೋಗಿದ್ದಳು. ಒಳಗೆ ಅಷ್ಟು ಸಾವಿರ ಜೀವ ಇವೆ, ಒಂದು ಸದ್ದಿಲ್ಲ. ನಮ್ಮಮ್ಮ ಕೊನೆಯ ವಾರ ಹೀಗೆಯೇ ಸುಮ್ಮನೆ ಮಲಗಿದ್ದಳು. ನಾನು ಗಳಿಗೆಗೊಮ್ಮೆ ದಿಂಬು ಸರಿಸುತ್ತಿದ್ದೆ, ನೀರು ಬೇಕಾ ಅನ್ನುತ್ತಿದ್ದೆ, ಕಿಟಕಿ ತೆಗೆಯಲಾ ಅನ್ನುತ್ತಿದ್ದೆ. "ಸುಮ್ನೆ ಪಕ್ಕದಲ್ಲಿ ಕೂತ್ಕೊಳೇ" ಎಂದಿದ್ದಳು ಒಮ್ಮೆ. ಕೂತಿದ್ದೆ, ಎರಡು ನಿಮಿಷ. ಆಮೇಲೆ ಔಷಧಿ ತರುತ್ತೇನೆಂದು ಎದ್ದು ಹೋಗಿದ್ದೆ. ಆ ಕಲ್ಲಿನ ಮೇಲೆ ಅದು ನೆನಪಾಗಿ ಅಳು ಬಂತು. ನೋಡುವವರು ಯಾರೂ ಇರಲಿಲ್ಲ, ಅತ್ತೆ.

ನಾಲ್ಕರ ಬಸ್ಸು ದೂರದಲ್ಲಿ ಹೋದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಹುಡುಗಿ ಬಾಗಿಲು ತೆರೆದು ಹೊರಗೆ ಬಂದಳು. ಕೈಗೆ ಸುಣ್ಣ ಮೆತ್ತಿತ್ತು. ನನ್ನನ್ನು ಕಂಡು ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಇನ್ನೂ ಸ್ವಲ್ಪ ಹೊತ್ತಾಗುತ್ತೆ ಮಿಸ್" ಎಂದಳು.

ನಾನು ಲ್ಯಾಪ್‌ಟಾಪ್ ತೆರೆದು ಆಟ ಹಚ್ಚಿ ಅವಳ ಮುಂದಿಟ್ಟೆ. ಕೈ ತೊಳೆದು ಬಂದು ಕಲ್ಲಿನ ಇನ್ನೊಂದು ತುದಿಯಲ್ಲಿ ಕೂತಳು. ಹುಳು ತಿಂದಿತು, ಬೆಳೆಯಿತು, ತಲೆ ಎತ್ತಿ ನಿಂತಿತು. ಐದು ಸೆಕೆಂಡಿಗೆ ಎದ್ದು ನಡೆಯಿತು. ಅವಳು ತಲೆಯಾಡಿಸಿದಳು.

"ಸಾಲ್ದು ಮಿಸ್."

ಬ್ಲಾಕು ತೆರೆದು ಐದನ್ನು ಅಳಿಸಿ ತೊಂಬತ್ತು ಎಂದು ಹಾಕಿದಳು. ನಾಲ್ಕನೆಯದಕ್ಕೆ ಇನ್ನೂ ಹೆಚ್ಚು. ಆಟದಲ್ಲಿ ತೊಂಬತ್ತು ಸೆಕೆಂಡು ಎಂದರೆ ಏನು ಗೊತ್ತೇ ಎನ್ನುವ ಮಾತು ನನ್ನ ನಾಲಿಗೆ ತುದಿಯವರೆಗೆ ಬಂತು. ನುಂಗಿಕೊಂಡೆ. ಹುಳು ಮತ್ತೆ ತಲೆ ಎತ್ತಿತು. ಇಬ್ಬರೂ ಅಲುಗದ ಚಿತ್ರವನ್ನು ನೋಡುತ್ತಾ ಕೂತೆವು. ಮೂವತ್ತು ಸೆಕೆಂಡಾಗಿರಬಹುದು, ಒಳಗಿನಿಂದ ಅಮ್ಮ ಕರೆದಳು. ತೋಟದಿಂದ ಸೊಪ್ಪು ತಂದು ಯಾವಾಗ ಒಳಗೆ ಹೋಗಿದ್ದಳೋ, ನಾನು ಗಮನಿಸಿಯೇ ಇರಲಿಲ್ಲ.

"ಎದ್ದವೆ ಬಾರೇ!"

ಹುಡುಗಿ ಎದ್ದಳು. "ನೀವು ನೋಡ್ತಿರಿ ಮಿಸ್. ಕೀ ಒತ್ಬೇಡಿ" ಎಂದು ಒಳಗೆ ಓಡಿದಳು. ಸೊಪ್ಪು ಹಾಕಿದ ಸದ್ದು, ಆಮೇಲೆ ಹುಳುಗಳು ತಿನ್ನುವ ಸದ್ದು ಗೋಡೆಯಾಚೆಯಿಂದ ಕೇಳಿಸತೊಡಗಿತು. ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪರದೆಯ ಹುಳು ಎದ್ದು ಹೆಜ್ಜೆಯಿಟ್ಟಾಗ, ನೋಡು ಎಂದು ಹೇಳಲು ಪಕ್ಕಕ್ಕೆ ತಿರುಗಿದೆ. ಕಲ್ಲು ಖಾಲಿಯಿತ್ತು. ಆಮೇಲೆ ಅವರಿಬ್ಬರೂ ಹೊರಗೆ ಬರಲಿಲ್ಲ, ಬರುವ ಹೊತ್ತೂ ಅದಲ್ಲ. ಆಟವನ್ನು ಉಳಿಸಿ, ಪೆನ್‌ಡ್ರೈವನ್ನು ಕಿಟಕಿಯ ಮೇಲಿಟ್ಟು ಐದೂವರೆ ಬಸ್ಸಿಗೆ ನಡೆದೆ.

ಮುಂದಿನ ಗುರುವಾರ ಲ್ಯಾಬಿನಲ್ಲಿ ಕುರ್ಚಿಗಳು ಪೇರಿಸಿಯೇ ಇದ್ದವು. ಅವಳ ಜಾಗ ಖಾಲಿ. ನಾಲ್ಕನೇ ಜ್ವರದಿಂದ ಎದ್ದ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದಂತೆ, ಮನೆಯವರೆಲ್ಲ ಕೈ ಹಾಕಬೇಕಂತೆ. ಅವಳು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಎರಡು ಕುರ್ಚಿ ಇಳಿಸಿದೆ. ಮೊದಲು ಅವಳದನ್ನು ನನ್ನ ಸೆರಗಿನಿಂದ ಒರೆಸಿದೆ, ಆಮೇಲೆ ನನ್ನದನ್ನು. ಪಕ್ಕಪಕ್ಕ ಇಟ್ಟು, ಒಂದರಲ್ಲಿ ಕೂತು ಪಾಠ ಶುರುಮಾಡಿದೆ. ಆ ವಾರ ಅವಳು ಬರಲಿಲ್ಲ. ಅದರ ಮುಂದಿನ ಗುರುವಾರವೂ ಒರೆಸಿಟ್ಟೆ.